ಬಿಸಿಗೂ ಆರದ ಬೂದಿ

ಹೊಗೆಯಿಂದ ಸೋಸಿದ ಬೂದಿ ಬಂದು ಬೀಳುವ ಕಬ್ಬಿಣದ ದೊಡ್ಡ ಆಲಿಕೆ ಬಾಯಿ ಕಟ್ಟಿಕೊಂಡಿತ್ತು. ಮೇಸ್ತ್ರಿ ಒಂದು ಹಿಡಿ ಬೂದಿ ಕೆರೆದು ತೆಗೆದು ಮುಷ್ಟಿಯಲ್ಲಿ ಹಿಸುಕಿದ. ಉಂಡೆ ನಿಂತಿತು. ಆ ವಿದ್ಯುತ್ ಸ್ಥಾವರದಲ್ಲಿ ಎಲ್ಲರಿಗೂ ಅದೇ ಪರೀಕ್ಷೆ: ಉದುರಿದರೆ ಒಣ ಬೂದಿ, ಉಂಡೆ ನಿಂತರೆ ನೀರು ಬಿದ್ದ ಬೂದಿ.

"ನಲ್ಲಿ ತಿರುಗಿಸಿ ಮರೆತಿದ್ದೀಯ!" ಎಂದು ಆಲಿಕೆ ನೋಡಿಕೊಳ್ಳುವ ಅಳಿಯನ ಮೇಲೆ ಹರಿಹಾಯ್ದ.

"ನಾನು ನಲ್ಲಿ ಮುಟ್ಟೇ ಇಲ್ಲ ಮಾವ."

"ಹಾಗಾದ್ರೆ ಬೂದಿ ಬೆವರ್ತಾ?"

ಸುತ್ತಲಿನವರು ಕಿಸಕ್ಕನೆ ನಕ್ಕರು. ಅಳಿಯ ನಗಲಿಲ್ಲ. ಸಂಜೆ ಮ್ಯಾನೇಜರ್ ಬರುವವನಿದ್ದ. ತಪ್ಪು ಇವನದೇ ಎಂದು ಮೇಸ್ತ್ರಿ ಹೂಂ ಎಂದರೆ ಅಳಿಯನ ಕೆಲಸ ಹೋದ ಹಾಗೆಯೇ.

ಮೇಸ್ತ್ರಿ ಉಂಡೆಯನ್ನು ಬಿಸಿ ಕೊಳವೆಯ ಮೇಲಿಟ್ಟು ಚಹಾಕ್ಕೆ ಹೋದ. ಬಂದು ಮುಟ್ಟಿದರೆ ಇನ್ನೂ ಅಂಟಂಟು. ಇದೆಂಥ ನೀರು, ಇಷ್ಟು ಬಿಸಿಗೂ ಆರದ್ದು? ತಲೆಗೆ ಹುಳ ಹೊಕ್ಕಿತು. ಉಂಡೆ ಹಿಡಿದು ಸೀದಾ ಪ್ರಯೋಗಾಲಯಕ್ಕೆ ನುಗ್ಗಿದ.

ಅಲ್ಲಿನ ಮೇಡಂ ಉಂಡೆಯಿಂದ ಒಂದು ಚೂರು ಬೂದಿ ಮುರಿದು ನೀರಿಗೆ ಕದಡಿ ಲಿಟ್ಮಸ್ ಕಾಗದ ಅದ್ದಿದಳು. ನೀಲಿ ಕಾಗದ ಕೆಂಪಾಯಿತು. ಕಪಾಟಿನಲ್ಲಿದ್ದ ಹಳೆಯ ಬೂದಿಯನ್ನೂ ಕದಡಿ ಅದೇ ಕಾಗದ ಅದ್ದಿದಳು. ಮತ್ತೆ ನೀಲಿ.

"ಇದೇನ್ ಮೇಡಂ, ಊಸರವಳ್ಳಿನಾ?"

"ನೀರಲ್ಲ, ಆಸಿಡ್ಡು. ನೀರಿನ ಹಾಗೆ ಬಿಸಿಗೆ ಆರಲ್ಲ. ಕಲ್ಲಿದ್ದಲಲ್ಲಿರೋ ಗಂಧಕ ಉರಿದು ಹೊಗೇಲಿ ಆಸಿಡ್ ಆಗತ್ತೆ. ಹಳೇ ಬೂದೀಲಿ ಸುಣ್ಣ ಇತ್ತು, ಆಸಿಡ್ಡನ್ನ ಹೀರಿ ಅರಗಿಸಿಕೊಳ್ತಿತ್ತು. ಈಗ ಬರೋ ಕಲ್ಲಿದ್ದಲೇ ಬೇರೆ. ಅದರ ಬೂದೀಲಿ ಸುಣ್ಣ ತೀರಾ ಕಮ್ಮಿ. ಆಸಿಡ್ ಕಣದ ಮೈಮೇಲೇ ಕೂತು, ಕಣಕ್ಕೆ ಕಣ ಮೆತ್ತಿಸತ್ತೆ."

"ನಾವೇ ಸುಣ್ಣ ಬೆರೆಸಿದ್ರೆ?"

"ನೋಡಿ ಬೇಕಾದ್ರೆ."

ಅವಳು ಕೊಟ್ಟ ಸುಣ್ಣದ ಪುಡಿ ಹಾಕಿ ಮೇಸ್ತ್ರಿ ಚಮಚದಲ್ಲಿ ತಿಕ್ಕಿದ, ಮತ್ತೆ ತಿಕ್ಕಿದ. ಉಂಡೆ ಒಡೆದು, ಮೆಲ್ಲಗೆ ಪುಡಿಪುಡಿಯಾಗಿ ತಟ್ಟೆಯಲ್ಲಿ ಜಾರಿತು. "ಅಬ್ಬಾ, ಕಳ್ಳ ಬೂದಿ!" ಎಂದು ಮೇಸ್ತ್ರಿ ಇನ್ನೊಂದು ಚಿಟಿಕೆ ಹಾಕಿದ. ಮ್ಯಾನೇಜರ್ ಬಂದನೆಂದು ಯಾರೋ ಕೂಗಿದಾಗಲೇ ಅಳಿಯನ ನೆನಪಾದದ್ದು. ಓಡಿದ.

"ಏನ್ ಮೇಸ್ತ್ರಿ, ನೀರು ಬಿಟ್ಟೋನು ಇವನೇ ತಾನೆ?"

"ನೀರೇ ಇಲ್ಲ ಸಾರ್. ನೋಡದೆ ಬೈದೋನು ನಾನು." ಏದುಸಿರಲ್ಲೇ ಹೊಸ ಕಲ್ಲಿದ್ದಲಿನ ಕಥೆಯೆಲ್ಲ ಹೇಳಿದ. ಮ್ಯಾನೇಜರ್ ತಲೆ ಕೆರೆದುಕೊಂಡು ಪ್ರಯೋಗಾಲಯದ ಕಡೆ ಹೊರಟ.

ಅಳಿಯ ಮುಖ ಸಡಿಲಿಸಲಿಲ್ಲ. "ಇದನ್ನ ಮನೇಲೂ ಬಂದು ಹೇಳಿ. ನಿಮ್ಮ ಮಗಳಿಗೆ ಆಗ್ಲೇ ಫೋನ್ ಮಾಡಿದ್ದೀನಿ."

ಮೇಸ್ತ್ರಿ ಕೈಗಂಟಿದ ಬೂದಿ ಒರೆಸಿಕೊಂಡ. "ಬರ್ತೀನಿ. ಆದ್ರೆ ಬಾಗಿಲಲ್ಲಿ ನೀನು ಮುಂದೆ ನಿಂತ್ಕೋಬೇಕು, ಆಯ್ತಾ?"