ಮಾವಿನ ಬೊಡ್ಡೆಯ ಕಷಾಯ

ಶಿರಸಿಯಿಂದ ಹಾವೇರಿಯ ಕಡೆ ಹೋಗುವ ರಸ್ತೆಯಲ್ಲಿ, ದಾಸನಕೊಪ್ಪ ಇನ್ನೂ ಎರಡು ಕಿಲೋಮೀಟರ್ ಇರುವಂತೆ, ಗಂಗಾಂಬಿಕಾಳ ಮನೆಯ ಎದುರಿಗೆ ಒಂದು ಮಾವಿನ ಮರವಿತ್ತು. ಅದು ಬಸ್ ನಿಲ್ದಾಣವೆಂದು ಯಾರೂ ಬೋರ್ಡು ಬರೆದಿರಲಿಲ್ಲ. ನೆರಳಿದ್ದಲ್ಲಿ ಜನ ನಿಂತರು, ಜನ ನಿಂತಲ್ಲಿ ಬಸ್ಸು ನಿಂತಿತು, ಅಷ್ಟೇ. ಗಂಗಾಂಬಿಕಾ ಮರದ ಬುಡದಲ್ಲಿ ಒಂದು ಮಣ್ಣಿನ ಕೊಡ, ಸರಪಳಿ ಕಟ್ಟಿದ ಸ್ಟೀಲ್ ಲೋಟ ಇಟ್ಟಿದ್ದಳು. ನೀರು ಕುಡಿದವರು ಬಸ್ಸು ಹತ್ತುವಾಗ "ಬರ್ತೀನ್ರೀ ಅವ್ವಾರ" ಅನ್ನುತ್ತಿದ್ದರು. ಒಳಗೆ ಹೊಲಿಗೆ ಮಷೀನಿನ ಮುಂದೆ ಕೂತವಳು ತಲೆ ಎತ್ತದೆ "ಹೂಂ, ಬರ್ರಿ" ಅನ್ನುತ್ತಿದ್ದಳು. ಹತ್ತು ಗಂಟೆ ಬಸ್ಸಿನ ಡ್ರೈವರ್ ದ್ಯಾಮಪ್ಪನಂತೂ ಎಂಜಿನ್ ಬಂದ್ ಮಾಡದೆಯೇ ಇಳಿದು, ಎರಡು ಲೋಟ ನೀರು ಗಟಗಟ ಕುಡಿದು, ಸೀಟಿಗೆ ಹತ್ತಿ, ಇಡೀ ಬಸ್ಸಿಗೆ ಕೇಳುವಂತೆ "ಬರ್ತೀನ್ರೀ ಗಂಗವ್ವಾರ" ಅಂದೇ ಗೇರು ಹಾಕುತ್ತಿದ್ದ. ಗಂಡ ಚನ್ನಬಸವ ತೀರಿಕೊಂಡಾಗಲೂ, ಮಕ್ಕಳಿಲ್ಲದ ಆ ಮನೆ ಅವಳಿಗೆ ಪೂರ್ತಿ ಖಾಲಿ ಅನ್ನಿಸಿರಲಿಲ್ಲ. ದಿನಕ್ಕೆ ನಲವತ್ತು ಜನ ಬರ್ತೀನಿ ಅಂದು ಹೋಗುವ ಮನೆ ಖಾಲಿ ಹೇಗಾಗುತ್ತದೆ?

ರಸ್ತೆ ಅಗಲ ಮಾಡುವಾಗ ಮರ ಹೋಯಿತು. ಮೂರು ಫರ್ಲಾಂಗು ಆಚೆ ತಗಡಿನ ಹೊಸ ನಿಲ್ದಾಣ ಬಂತು. ದ್ಯಾಮಪ್ಪನೂ ಅದೇ ವರ್ಷ ನಿವೃತ್ತನಾದ. ಉಳಿದದ್ದು ಮೊಣಕಾಲೆತ್ತರದ ಒಂದು ಬೊಡ್ಡೆ, ಒಡೆದ ಕೊಡದ ಕುತ್ತಿಗೆ, ಮತ್ತು ಬ್ರೇಕು ಹಾಕದೆ ಓಡುವ ಲಾರಿಗಳು. ಈಗ ಬ್ಲೌಸು ಹೊಲಿಸುವವರು ತಿಂಗಳಿಗೊಬ್ಬರು ಬಂದರೆ ಹೆಚ್ಚು. ಕೆಲವು ದಿನ ಸಂಜೆಯ ಹೊತ್ತಿಗೆ, ಬೆಳಗಿನಿಂದ ತಾನು ಒಂದು ಮಾತನ್ನೂ ಆಡಿಲ್ಲ ಎಂಬುದು ಅವಳಿಗೆ ಹೊಳೆಯುತ್ತಿತ್ತು. ಆಗ ಬಾಯಿ ಸರಿಯಿದೆಯೋ ಇಲ್ಲವೋ ನೋಡಲು ಬೆಕ್ಕನ್ನು ಕರೆಯುತ್ತಿದ್ದಳು. ಬೆಕ್ಕು ಅವಳದ್ದೂ ಅಲ್ಲ, ಪಕ್ಕದ ಪಾರ್ವತವ್ವನದು.

ಮೂರನೆಯ ವರ್ಷದ ಮಳೆ ಮುಗಿಯುವಾಗ ಬೊಡ್ಡೆಯ ಪಕ್ಕೆಯಲ್ಲಿ ಒಂದು ಅಣಬೆ ಎದ್ದಿತು. ಕೊಡೆಯಂಥದ್ದಲ್ಲ. ಅರ್ಧ ತಟ್ಟೆಯನ್ನು ಮರಕ್ಕೆ ಅಂಟಿಸಿದ ಹಾಗೆ. ಮೇಲೆಲ್ಲ ಕೆಂಪು ಕಂದು, ಯಾರೋ ವಾರ್ನಿಶ್ ಬಳಿದಂಥ ಹೊಳಪು, ಅಂಚಿನಲ್ಲಿ ಮಾತ್ರ ಬಿಳಿ. ಅದನ್ನು ಕೆರೆದು ಎಸೆಯಬೇಕೆಂದು ಗಂಗಾಂಬಿಕಾ ಕುಡುಗೋಲು ಹಿಡಿದು ನಿಂತಿದ್ದ ದಿನವೇ, ರಸ್ತೆ ಬದಿಯ ಮರಗಳನ್ನು ಬರೆದುಕೊಳ್ಳಲು ಕಾಲೇಜಿನ ಹುಡುಗಿಯೊಬ್ಬಳು ಬಂದಳು. ಹೆಸರು ಮಮತಾ, ಸಿದ್ದಾಪುರದ ಹತ್ತಿರದ ಮನ್ಮನೆಯವಳು, ಮರ ಗಿಡಗಳ ಓದು ಓದುತ್ತಿದ್ದವಳು.

"ಅಮ್ಮಾ, ಕೆರೀಬೇಡಿ. ಇದೆಂತ ಗೊತ್ತಾ? ನಮ್ಮ ಬದಿ ಅಡಿಕೆ ಮರದ ಬುಡಕ್ಕೆ ಇದರ ಜಾತಿದೇ ಬಂದ್ರೆ ಮರ ಸಾಯ್ತದೆ ಅಂತ ಅಪ್ಪ ಎದೆ ಬಡ್ಕೊಳ್ತಾರೆ. ಪ್ಯಾಟೆಲಿ ಇದನ್ನೇ ಪುಡಿ ಮಾಡಿ ರೀಶಿ ಅಂತ ಔಷಧಿಗೆ ಮಾರ್ತಾರೆ" ಎಂದಳು.

ಒಂದು ಚೂರು ಕತ್ತರಿಸಿಕೊಂಡು ಹೋದಳು. ಅಣಬೆಯಲ್ಲಿ ವಿಷದ್ದೂ ಇರುತ್ತದೆ, ಮೇಷ್ಟ್ರು ನೋಡಿ ಹೇಳುವ ತನಕ ಮುಟ್ಟಬೇಡಿ ಎಂದು ತಾಕೀತು ಮಾಡಿಯೇ ಹೋದಳು. ನಾಲ್ಕನೆಯ ದಿನ ಫೋನು ಬಂತು. ಅದೇ ಹೌದಂತೆ. ಕಷಾಯ ಮಾಡುವ ಬಗೆಯನ್ನೂ ಹುಡುಗಿ ಫೋನಿನಲ್ಲೇ ಹೇಳಿದಳು. ಎಳೆಯದಿದ್ದಾಗ ಕೊಯ್ದು, ಒಣ ಬಟ್ಟೆಯಲ್ಲಿ ಒರೆಸಿ, ತೆಳ್ಳಗೆ ಹೆಚ್ಚಿ, ಗರಿಗರಿ ಆಗುವ ತನಕ ಬಿಸಿಲಿಗಿಡಬೇಕು. ನಾಲ್ಕೈದು ಚೂರಿಗೆ ನಾಲ್ಕು ಲೋಟ ನೀರು; ಸಣ್ಣ ಉರಿಯಲ್ಲಿ ಒಂದು ಗಂಟೆ, ಎರಡು ಲೋಟ ಆಗುವವರೆಗೆ. ಕಹಿ ಅಂದರೆ ಬೇವಿನ ಕಹಿ, ಅದಕ್ಕೇ ಶುಂಠಿ ಜಜ್ಜಿ ಹಾಕಿ, ಚೂರು ಬೆಲ್ಲ. ದಣಿವಿಗೆ, ನಿದ್ದೆಗೆ ಒಳ್ಳೆಯದು ಅಂತ ಚೀನಾ ಜಪಾನಿನವರು ಹಿಂದಿನಿಂದ ಕುಡಿಯುತ್ತಾರಂತೆ. ಮೈಗೆ ತಡೆದುಕೊಳ್ಳುವ ಶಕ್ತಿ ಬರುತ್ತದೆ ಅನ್ನುತ್ತಾರಂತೆ, ಆದರೆ ವಿಜ್ಞಾನಿಗಳು ಇನ್ನೂ ಗಟ್ಟಿಯಾಗಿ ಹೇಳಿಲ್ಲವಂತೆ. ಫೋನು ಇಡುವ ಮುಂಚೆ ಇನ್ನೂ ಒಂದು ಮಾತು ಸೇರಿಸಿದಳು. ಬಿಪಿ, ಸಕ್ಕರೆ ಕಾಯಿಲೆಗೆ, ರಕ್ತ ತೆಳುವಾಗಲಿಕ್ಕೆ ಗುಳಿಗೆ ತೆಗೆದುಕೊಳ್ಳುವವರು ಡಾಕ್ಟರನ್ನು ಕೇಳದೆ ಇದನ್ನು ಕುಡಿಯಬಾರದು. ಗುಳಿಗೆ ಬಿಟ್ಟು ಇದನ್ನು ಕುಡಿಯುವುದಂತೂ ಬೇಡವೇ ಬೇಡ. ಗಂಗಾಂಬಿಕಾ ಹೂಂ ಅಂದಳು. ತನಗೆ ಯಾವ ಗುಳಿಗೆಯೂ ಇಲ್ಲವಲ್ಲ.

ಮೊದಲ ಕಷಾಯವನ್ನು ಒಬ್ಬಳೇ ಕುಡಿದಳು. ಎರಡನೆಯದನ್ನು ಕೆಮ್ಮುತ್ತಿದ್ದ ಪಾರ್ವತವ್ವನಿಗೆ ಕೊಟ್ಟಳು. ಕೆಮ್ಮು ಶುಂಠಿಗೆ ಇಳಿಯಿತೋ ಬೆಲ್ಲಕ್ಕೆ ಇಳಿಯಿತೋ, ಪಾರ್ವತವ್ವನ ಬಾಯಿಗೆ ಮಾತ್ರ ಕಡಿವಾಣವಿರಲಿಲ್ಲ. ಹಿತ್ತಲ ಗಿಡ ಮದ್ದಲ್ಲ ಅಂತಾರಲ್ಲ, ನಮ್ಮ ಗಂಗವ್ವನ ಅಂಗಳದ ಬೊಡ್ಡೀನೇ ಮದ್ದು ಕೊಡಾಕ್ಹತ್ತೈತಿ ಎಂದು ಹಾಲಿನ ಡೇರಿಯಲ್ಲಿ ಹೇಳಿದಳು. ಡೇರಿಯಲ್ಲಿ ಹೇಳಿದ್ದು ಎರಡು ಊರಿಗೆ ಹೇಳಿದ ಹಾಗೆ. ವಾರ ಕಳೆಯುವುದರೊಳಗೆ ಬೆಳಗಿನ ಹೊತ್ತು ಗಂಗಾಂಬಿಕಾಳ ಕಟ್ಟೆಯ ಮೇಲೆ ಐದಾರು ಜನ. ಅವರಲ್ಲಿ ದ್ಯಾಮಪ್ಪನೂ ಒಬ್ಬ. ಬಸ್ಸಿಲ್ಲದೆ, ಖಾಕಿಯಿಲ್ಲದೆ, ಸರಿಯಾಗಿ ಹತ್ತು ಗಂಟೆಗೆ.

ಅವಳು ಆರು ಗಂಟೆಗೇ ಒಲೆ ಹಚ್ಚುತ್ತಿದ್ದಳು. ಬೊಡ್ಡೆಯಲ್ಲಿ ಮತ್ತೆ ಮೂರು ಅಣಬೆ ಎದ್ದಿದ್ದವು. ಅಂಗಳ ಗುಡಿಸಿ, ಲೋಟ ಬೋರಲು ಹಾಕಿ, ಒಳ್ಳೆಯ ಸೀರೆ ಉಟ್ಟು ಕೂರುತ್ತಿದ್ದಳು. ಬಹಳ ಕಾಲದ ಮೇಲೆ ಅವಳಿಗೆ ಕಣ್ತುಂಬ ನಿದ್ದೆ ಬರತೊಡಗಿತು. ಅಣಬೆಯ ಗುಣವೋ, ಮನೆಗೆ ಆರು ಜನ ಬಂದು ಹೋದ ಗುಣವೋ, ಅವಳು ಕೆದಕಲು ಹೋಗಲಿಲ್ಲ.

ಒಂದೇ ಒಂದು ಕೊರತೆ. ಆ ಕಡೆಯ ಪದ್ಧತಿ ಹಾಗಿದೆ: ಮದ್ದು ಕೊಟ್ಟವರ ಮನೆಯಿಂದ ಏಳುವಾಗ ಬರ್ತೀನಿ ಅನ್ನಬಾರದು. ಅಂದರೆ ಕಾಯಿಲೆ ತಿರುಗಿ ಬರುತ್ತದೆ. ಕೊಟ್ಟವರೂ ಮತ್ತೆ ಬರ್ರಿ ಅನ್ನಬಾರದು. ಲೋಟ ಕೆಳಗಿಟ್ಟು, ಎಲೆ ಅಡಿಕೆ ಇಟ್ಟು, ತಿರುಗಿ ನೋಡದೆ ನಡೆಯಬೇಕು. ಎಲ್ಲರೂ ಹಾಗೇ ಮಾಡಿದರು. ಕೂತಿದ್ದಷ್ಟು ಹೊತ್ತು ಸೊಸೆಯಂದಿರ ದೂರು, ಗೋವಿನಜೋಳದ ಮಾತು, ಘಾಟಿನಲ್ಲಿ ಬಸ್ಸು ಓಡಿಸಿದ ದ್ಯಾಮಪ್ಪನ ಕಥೆ. ಏಳುವಾಗ ಮಾತ್ರ ನಾಲಿಗೆ ಬಿದ್ದುಹೋದವರ ಹಾಗೆ ಎದ್ದುಹೋಗುತ್ತಿದ್ದರು. ಗಂಗಾಂಬಿಕಾ ಬಾಗಿಲ ಚೌಕಟ್ಟು ಹಿಡಿದು ಅವರ ಬೆನ್ನು ನೋಡುತ್ತಿದ್ದಳು. ಹೂಂ ಬರ್ರಿ ಎಂಬುದು ಗಂಟಲಿನವರೆಗೆ ಬಂದು ಅಲ್ಲೇ ಕೂರುತ್ತಿತ್ತು. ನಾಳೆ ಬರುತ್ತಾರೋ ಇಲ್ಲವೋ ಎಂಬ ಭಯ ಹನ್ನೊಂದು ಗಂಟೆಗೆ ಶುರುವಾದರೆ ಮರುದಿನ ಹತ್ತರವರೆಗೂ ಬಿಡುತ್ತಿರಲಿಲ್ಲ.

ದೀಪಾವಳಿಯ ಆಸುಪಾಸಿನ ಒಂದು ದಿನ, ಉಳಿದವರೆಲ್ಲ ಎದ್ದು ಹೋದ ಮೇಲೂ ದ್ಯಾಮಪ್ಪ ಕೂತಿದ್ದ. ಲೋಟದ ತಳದ ಕಹಿಯನ್ನು ಬೆರಳಿನಿಂದ ಬಳಿದು ನೆಕ್ಕುತ್ತ, ಏನೋ ಬಹುಮಾನ ಬಂದವನ ಹಾಗೆ ಹೇಳಿದ.

"ಗಂಗವ್ವಾರ, ಬಿಪಿ ಗುಳಿಗಿ ಬಿಟ್ಟು ಇವತ್ತಿಗೆ ಹನ್ನೊಂದು ದಿನ. ಡಬ್ಬಿ ಗೂಡಿನ್ಯಾಗ ಒಗದೀನಿ. ನಿಮ್ಮ ಕಷಾಯ ಇರೂತನಾ ಅದ್ಯಾಕ ನನಗ?"

ಅವಳಿಗೆ ಮನ್ಮನೆಯ ಹುಡುಗಿಯ ಮಾತು ಅಕ್ಷರ ಬಿಡದೆ ನೆನಪಾಯಿತು. ಹೇಳಬೇಕು ಅಂದುಕೊಂಡಳು. ಹೇಳಿದರೆ ಇವನು ನಾಳೆ ಬರುವುದಿಲ್ಲ. ಇವನು ಬರದಿದ್ದರೆ ಘಾಟಿನ ಕಥೆ ಕೇಳಲು ಬರುವವರೂ ಬರುವುದಿಲ್ಲ. ಆಮೇಲೆ ಮತ್ತೆ ಲಾರಿಗಳು, ಮತ್ತೆ ಪಾರ್ವತವ್ವನ ಬೆಕ್ಕು. ಇವನ ಮುಖ ನೋಡಿದರೆ ಗುಂಡುಕಲ್ಲಿನ ಹಾಗಿದ್ದಾನೆ, ನಾಳೆ ಹೇಳಿದರಾಯಿತು. ಹಾಗೆಂದುಕೊಂಡು ಅವಳು ಲೋಟ ತೊಳೆಯಲು ಎದ್ದಳು. ಅವನೂ ಎದ್ದು, ಏನೂ ಅನ್ನದೆ, ಹೋದ.

ಮರುದಿನ ಹತ್ತಾಯಿತು, ಹತ್ತೂವರೆಯಾಯಿತು. ಉಳಿದವರು ಕುಡಿದು ಹೋದರು. ಡ್ರೈವರ್ ಗಾಡಿ ಇವತ್ತ್ಯಾಕೋ ಲೇಟು ಎಂದು ಯಾರೋ ನಕ್ಕರು. ಅವಳಿಗೆ ನಗು ಬರಲಿಲ್ಲ. ಮಷೀನಿನ ಮುಂದೆ ಕೂತಳು, ದಾರ ಪೋಣಿಸಲು ಆಗಲಿಲ್ಲ. ಹನ್ನೊಂದೂವರೆಗೆ ಚಪ್ಪಲಿ ಮೆಟ್ಟಿ ಹೊರಟೇಬಿಟ್ಟಳು.

ಎದುರಿಗೇ ಬರುತ್ತಿದ್ದ. ರಸ್ತೆಯ ಅಂಚಿನ ಕಲ್ಲುಗಳನ್ನು ಒಂದೊಂದೇ ಹಿಡಿದು, ಹೊಸದಾಗಿ ನಡೆಯಲು ಕಲಿತವನ ಹಾಗೆ. ಅವಳು ತೋಳು ಹಿಡಿದು ಕರೆತಂದು ಕಟ್ಟೆಯ ಮೇಲೆ ಕೂರಿಸಿದಳು. ಬೆಳಿಗ್ಗೆ ಬಚ್ಚಲಿನಲ್ಲಿ ಕಣ್ಣು ಕತ್ತಲೆ ಬಂದು ಗೋಡೆಗೆ ಒರಗಿದ್ದನಂತೆ. ಹಿಂದಲೆ ಒಂದೇ ಸಮನೆ ಸಿಡಿಯುತ್ತಿತ್ತಂತೆ.

"ಡೋಸು ಸಾಲವಲ್ದು ಅನಸ್ತೈತಿ" ಎಂದ ದ್ಯಾಮಪ್ಪ. "ಇವತ್ತ ಎರಡು ಲೋಟ ಹಾಕ್ರಿ."

ಒಲೆಯ ಮೇಲೆ ಅವನ ಪಾಲು ಇನ್ನೂ ಬೆಚ್ಚಗಿತ್ತು. ಅವಳು ಪಾತ್ರೆಯನ್ನು ಹಿಡಿದುಕೊಂಡೇ ಹೊರಗೆ ಬಂದಳು. ಅವನು ಲೋಟ ಚಾಚಿದ. ಅವಳು ಅವನನ್ನು ದಾಟಿ ಹೋಗಿ ಅಷ್ಟನ್ನೂ ಬೊಡ್ಡೆಯ ಬುಡಕ್ಕೆ ಸುರಿದಳು.

"ಇದು ಮದ್ದಲ್ರೀ ಅಣ್ಣಾರ. ಬರೇ ಕಹಿ ಚಾ. ಗುಳಿಗಿ ಬಿಡಬಾರದು, ಗುಳಿಗಿ ನುಂಗಾವ್ರು ಡಾಕ್ಟರ್‌ನ ಕೇಳಲಾರದ ಕುಡೀಬಾರದು ಅಂತ ಆ ಹುಡುಗಿ ಮೊದಲೇ ಹೇಳಿದ್ಳು. ನಾನು ನಿಮಗ ಹೇಳಲಿಲ್ಲ."

"ಯಾಕ ಹೇಳಲಿಲ್ಲ?"

ಅವಳು ಖಾಲಿ ಪಾತ್ರೆಯ ತಳ ನೋಡುತ್ತ ನಿಂತಳು. "ನೀವು ಬರೂದು ಬಿಡ್ತೀರಿ ಅಂತ."

ದ್ಯಾಮಪ್ಪ ಖಾಲಿ ಲೋಟವನ್ನು ಕಟ್ಟೆಯ ಮೇಲೆ ಇಟ್ಟ, ಸದ್ದಾಗದ ಹಾಗೆ. ಅವಳೇ ಪಾರ್ವತವ್ವನ ತಮ್ಮನ ಆಟೋ ಕರೆಸಿ ಆಸ್ಪತ್ರೆಗೆ ಕಳಿಸಿದಳು. ಹತ್ತುವಾಗಲೂ ಅವನು ತಿರುಗಿ ನೋಡಲಿಲ್ಲ. ಮದ್ದಿನ ಪದ್ಧತಿಗೋ, ಸಿಟ್ಟಿಗೋ, ಅವಳಿಗೆ ತಿಳಿಯಲಿಲ್ಲ.

ಉಳಿದವರಿಗೂ ಅವಳು ಹಾಗೆಯೇ ಹೇಳಿದಳು. ಒಬ್ಬೊಬ್ಬರಾಗಿ ಕಟ್ಟೆ ಬಿಟ್ಟರು. ಪಾರ್ವತವ್ವ ಮಾತ್ರ ಜಗಳಕ್ಕೆಂದೇ ಬಂದಳು. ಮದ್ದು ಕೊಟ್ಟವರೇ ಮದ್ದಲ್ಲ ಅಂದರೆ ಮದ್ದಿನ ಮರ್ಯಾದೆ ಉಳಿಯುತ್ತದೆಯೇ, ನೀನು ಹಾಗಂದ ದಿನವೇ ನನ್ನ ಕೆಮ್ಮು ತಿರುಗಿ ಬಂತು ಎಂದು ಅಂಗಳದಲ್ಲಿ ನಿಂತು ಕೆಮ್ಮಿ ತೋರಿಸಿದಳು. ಜಗಳವಾದರೂ ಮಾತೇ ತಾನೆ. ಗಂಗಾಂಬಿಕಾ ಅದನ್ನು ಪೂರ್ತಿ ಕೇಳಿಸಿಕೊಂಡಳು.

ಆಮೇಲೆ ಮನೆ ಮೊದಲಿಗಿಂತ ಹೆಚ್ಚು ಸುಮ್ಮನಾಯಿತು. ಬೋರಲು ಹಾಕಿದ ಐದು ಲೋಟಗಳನ್ನು ಅಟ್ಟಕ್ಕೆ ಹಾಕಿ ಒಂದನ್ನು ಇಟ್ಟುಕೊಂಡಳು. ಒಣಗಿಸಿದ ಚೂರು ಡಬ್ಬಿಯಲ್ಲಿ ಇನ್ನೂ ಇತ್ತು. ಒಂದು ಬೆಳಿಗ್ಗೆ ತನಗೊಬ್ಬಳಿಗೇ ಕುದಿಸಿದಳು. ಬೆಲ್ಲ ಎಷ್ಟು ಹಾಕಿದರೂ ಕಹಿ ಹೋಗಲಿಲ್ಲ. ದ್ಯಾಮಪ್ಪನನ್ನು ಆಸ್ಪತ್ರೆಯಲ್ಲಿ ಎರಡು ದಿನ ಇಟ್ಟುಕೊಂಡಿದ್ದರಂತೆ, ಮನೆಗೆ ಬಂದಿದ್ದಾನಂತೆ ಎಂದು ಆಟೋದವನು ಹೇಳಿದ. ಹೋಗಿ ನೋಡಬೇಕೆಂದು ಎರಡು ಸಲ ಚಪ್ಪಲಿ ಮೆಟ್ಟಿ ಎರಡು ಸಲವೂ ಬಿಚ್ಚಿದಳು.

ಅವನು ಆಟೋ ಹತ್ತಿ ಹೋದ ಹದಿನೆಂಟನೆಯ ದಿನ, ಸೋಮವಾರ, ಹತ್ತು ಗಂಟೆಗೆ ಕಟ್ಟೆಯ ಮೇಲೆ ಯಾರೋ ಕೆಮ್ಮಿದರು. ದ್ಯಾಮಪ್ಪ. ಮೈ ಇಳಿದು ಸಣ್ಣಗಾಗಿದ್ದ. ಜೇಬಿನಿಂದ ಗುಳಿಗೆಯ ಹಾಳೆ ತೆಗೆದು, ಸ್ಕೂಲಿನ ಹುಡುಗ ಬರೆದ ಪಾಟಿ ತೋರಿಸುವಂತೆ ತೋರಿಸಿದ. ಇಷ್ಟು ತಿಂದಿದ್ದೇನೆ, ಇಷ್ಟು ಉಳಿದಿದೆ ಎಂದ. ಬೊಡ್ಡೆಯ ಕಡೆ ನೋಡಿದ. ಇನ್ನೊಂದು ಎದ್ದಿದೆಯಲ್ಲ ಎಂದ. ಎದ್ದಿದೆ ಎಂದಳು.

"ಹಾಲು ಐತೇನು ಮನ್ಯಾಗ?" ಎಂದ ಕೊನೆಗೆ. "ಹಾಲು ಹಾಕಿದ ಚಾ ಮಾಡ್ರಿ. ಮಂದಿ ಕುಡಿಯೂ ಅಂಥಾದ್ದು."

ಮಾಡಿದಳು. ಸಕ್ಕರೆ ಹೆಚ್ಚಾಯಿತು. ಅವನು ಪಾಯಸ ಮಾಡೀರಲ್ರೀ ಎಂದು ಗೊಣಗುತ್ತಲೇ ಲೋಟ ಖಾಲಿ ಮಾಡಿದ. ಘಾಟಿನ ಕಥೆಯೇನೂ ಹೇಳಲಿಲ್ಲ. ಎದ್ದ. ಅಂಗಳ ದಾಟಿದ. ಗಂಗಾಂಬಿಕಾ ಚೌಕಟ್ಟು ಹಿಡಿದು ಆ ಬೆನ್ನು ನೋಡಿದಳು. ಒಂದು ಲಾರಿ ಹೋಗುವ ತನಕ ಅವನು ರಸ್ತೆಯ ಅಂಚಿನಲ್ಲಿ ನಿಂತ. ಆಮೇಲೆ ದಾಟದೆ, ಇತ್ತ ತಿರುಗಿದ.

"ನಾಳಿ ಶಿರಸಿ ಸಂತಿ. ನಾಳಿ ಆಗೂದಿಲ್ಲ. ನಾಡಿದ್ದ ಬರ್ತೀನ್ರೀ ಗಂಗವ್ವಾರ."

"ಹೂಂ" ಎಂದಳು. ಉಳಿದದ್ದು ಹೊರಡಲು ಒಂದು ಗಳಿಗೆ ಹಿಡಿಯಿತು. "ಬರ್ರಿ."

ಮರುದಿನ ಮಂಗಳವಾರ. ಬೆಳಿಗ್ಗೆಯಿಂದ ಸಂಜೆಯವರೆಗೆ ಲಾರಿಗಳು ಓಡಿದವು, ಯಾರೂ ಬರಲಿಲ್ಲ. ಗಂಗಾಂಬಿಕಾ ಬಾಗಿಲ ಕಡೆ ನೋಡದೆ, ಅರ್ಧಕ್ಕೆ ನಿಂತಿದ್ದ ಒಂದು ಬ್ಲೌಸಿನ ತೋಳು ಹೊಲಿದು ಮುಗಿಸಿದಳು.