ಕೈ ಬಿಟ್ಟರೆ ನಿಲ್ಲುವ ಗಾಡಿ

ನಮ್ಮ ಬೀದಿಯ ಇಳಿಜಾರಿನಲ್ಲಿ ತಳ್ಳುಗಾಡಿ ಕೈ ತಪ್ಪಿತೋ, ಹಣ್ಣು ಒಂದು ಕಡೆ, ತಕ್ಕಡಿ ಇನ್ನೊಂದು ಕಡೆ. ಇದನ್ನು ದಿನಾ ನೋಡಿ ನೋಡಿ ವೆಲ್ಡಿಂಗ್ ಅಂಗಡಿಯ ಅಕ್ಕ ಒಂದು ಬ್ರೇಕ್ ಮಾಡಿದಳು. ಹಿಡಿಯಿಂದ ಕೈ ತೆಗೆದ ಕೂಡಲೇ ಅದು ಚಕ್ರವನ್ನು ಕಚ್ಚಿ ಹಿಡಿಯುತ್ತದೆ. ಹೆಚ್ಚು ಬ್ರೇಕ್ ಮಾಡಲು ಕಬ್ಬಿಣದ ತಗಡನ್ನು ಅಚ್ಚಿಗೆ ಒತ್ತುವ ಯಂತ್ರ ಬೇಕಿತ್ತು. ಹೊಸ ಉದ್ಯಮಿಗಳಿಗೆ ಕೊಡುವ ಸಹಾಯಧನಕ್ಕೆ ಅರ್ಜಿ ಹಾಕಿದಳು. ಅರ್ಜಿ ವಾಪಸು ಬಂತು.

"ಅದೆಲ್ಲ ಓದಿದೋರಿಗೆ ಕಣೇ," ಎಂದ ಗಂಡ.

ಹೋದ ವರ್ಷ ಇದೇ ಸಹಾಯಧನ ಪಡೆದಿದ್ದ ಪಕ್ಕದಂಗಡಿಯ ಬಡಗಿ ಮಾವ ಅರ್ಜಿ ಓದಿದರು.

"ಅಲ್ಲಮ್ಮಾ, ಮಂಡಿ ನೋವಿದೆ, ಸೋರೋ ಮನೆ ಇದೆ, 'ದೊಡ್ಡ ಮನಸ್ಸು ಮಾಡಿ' ಅಂತ ಮೂರು ಸಲ ಇದೆ. ಬ್ರೇಕ್ ಎಲ್ಲಿ?"

"ಕೇಳೋವಾಗ ತಗ್ಗಿ ಬಗ್ಗಿ ಕೇಳ್ಬೇಕಲ್ವಾ ಮಾವ?"

"ಅವರು ದಾನ ಮಾಡ್ತಿಲ್ಲ, ಕೆಲಸ ಆರಿಸ್ತಿದಾರೆ. ಅಳತೆ ಟೇಪ್ ತಗೊಂಡು ಬಾ."

ಮಾವ ತಮ್ಮ ಹಿತ್ತಿಲಲ್ಲಿ ಹಲಗೆಯ ಇಳಿಜಾರು ಕಟ್ಟಿದರು. ನೂರು ಕಿಲೋ ಹೇರಿ ಹತ್ತು ಸಲ ಕೈಬಿಟ್ಟರೆ, ಹತ್ತು ಸಲವೂ ಗಾಡಿ ಒಂದು ಗೇಣಿನೊಳಗೆ ನಿಂತಿತು. ಹಲಗೆಗೆ ನೀರು ಸುರಿದಾಗ ಮಾತ್ರ ಎರಡು ಸಲ ಮೂರಡಿ ಜಾರಿತು.

"ಅದನ್ನ ಬರೀಬೇಡ," ಎಂದ ಗಂಡ.

"ಬರಿ. ಹೇಗೆ ಸರಿ ಮಾಡ್ತೀಯ ಅಂತಾನೂ ಬರಿ. ಮುಚ್ಚಿಟ್ರೆ ಅವರೇ ಹುಡುಕ್ತಾರೆ," ಎಂದರು ಮಾವ.

ಗಂಡ ಮೊಬೈಲ್ ತೆಗೆದ. "ವಿಡಿಯೋ ಹಾಕ್ಲಾ? ಊರೆಲ್ಲ ನೋಡ್ಲಿ."

"ಒಳಗಿಡಪ್ಪಾ ಅದನ್ನ! ಮೊದಲು ಪೇಟೆಂಟ್ ಅರ್ಜಿ, ಊರು ಆಮೇಲೆ. ಈಗಲೇ ಎಲ್ಲರಿಗೂ ತೋರಿಸಿದ್ರೆ, ನಾಳೆ ಇದು ಹೊಸದೇ ಅಲ್ಲ ಅಂತಾರೆ."

ಪೇಟೆಂಟ್ ಅರ್ಜಿಯಲ್ಲಿ 'ಕಂಡುಹಿಡಿದವರು' ಎಂಬಲ್ಲಿ ಅಕ್ಕ ಗಂಡನ ಹೆಸರು ಬರೆದಿದ್ದಳು.

"ಅಂಗಡಿ ಇವರ ಹೆಸರಲ್ಲಿದೆಯಲ್ಲಾ," ಎಂದಳು.

ಮಾವ ಗಂಡನ ಕಡೆ ತಿರುಗಿದರು. "ಏನಪ್ಪಾ, ನೀನೇ ಮಾಡಿದ್ದಾ?"

"ನಾನಾ? ನನ್ನ ಸೈಕಲ್ ಚೈನ್ ಕಳಚಿದ್ರೂ ಇವಳೇ ಹಾಕ್ಬೇಕು!" ಗಂಡನೇ ಪೆನ್ನು ಕಿತ್ತುಕೊಂಡು ತನ್ನ ಹೆಸರು ಹೊಡೆದುಹಾಕಿದ. ಅಕ್ಕ ತನ್ನ ಹೆಸರನ್ನು ನಿಧಾನವಾಗಿ, ಪೂರ್ತಿಯಾಗಿ ಬರೆದಳು.

ಪೇಟೆಂಟ್ ಅರ್ಜಿ ಕೊಟ್ಟಾದ ಮೇಲೆ, ಅಳತೆಗಳನ್ನೆಲ್ಲ ಬರೆದು ಸಹಾಯಧನಕ್ಕೆ ಮತ್ತೆ ಅರ್ಜಿ ಹಾಕಿದಳು. ಸಮಿತಿಯವರು ಒದ್ದೆ ಹಲಗೆಯ ಬಗ್ಗೆಯೇ ಕೆದಕಿ ಕೇಳಿದರು. ಬ್ರೇಕಿನ ರಬ್ಬರಿಗೆ ಗೀರು ಕೊಯ್ದರೆ ಒದ್ದೆಯಲ್ಲೂ ಹಿಡಿತ ಬರುತ್ತದೆಂದು ಅಕ್ಕ ತಲೆಯೆತ್ತಿ ವಿವರಿಸಿದಳು. ಸಹಾಯಧನ ಸಿಕ್ಕಿತು, ಯಂತ್ರ ಬಂತು.

ಈಗ ಯಾರಾದರೂ ಬ್ರೇಕ್ ಕೇಳಿಕೊಂಡು ಬಂದರೆ ಗಂಡ ಎದೆಯುಬ್ಬಿಸಿ ಹೇಳುತ್ತಾನೆ: "ಮಾಡಿದೋರು ಒಳಗಿದಾರೆ. ನಾನು ಬರೀ ಅವರ ಯಜಮಾನ!"

ನೀವೂ ಏನಾದರೂ ಹೊಸದು ಮಾಡಿದ್ದೀರಾ? ಹಾಗಾದರೆ ಅರ್ಜಿಯಲ್ಲಿ ಕಷ್ಟ ತೋಡಿಕೊಳ್ಳಬೇಡಿ, ನಿಮ್ಮ ಕೆಲಸವನ್ನು ಅಳೆದು ತೋರಿಸಿ. ಬೇಡುವವರಂತಲ್ಲ, ಮಾಡಿದವರಂತೆ ಬರೆಯಿರಿ.