ಬಾಗಿಲು ತೆರೆದಿಟ್ಟ ದಿನ

ನನಗೆ ಮೂಗಿನ ತುದಿಯಲ್ಲೇ ಕೋಪ, ಅಣ್ಣನಿಗೆ ಮೂಗೇ ಇಲ್ಲ ಎಂದು ಅತ್ತಿಗೆ ತಮಾಷೆ ಮಾಡುತ್ತಾಳೆ. ಎರಡೂ ನಿಜವೇ. ಅಣ್ಣ ಯಾಟ್ ಎಂಬ ವಿಹಾರದೋಣಿ ಕಟ್ಟುವ ಕಾರ್ಖಾನೆಯಲ್ಲಿದ್ದಾನೆ. ದೋಣಿಯಷ್ಟೇ ದೊಡ್ಡ ಅಚ್ಚಿನೊಳಗೆ ಗಾಜುನಾರಿನ ಬಟ್ಟೆ ಹಾಸಿ, ಮೇಲೆ ರೆಸಿನ್ ಎಂಬ ಘಾಟಿನ ಅಂಟು ಸುರಿದು ರೋಲರ್‌ನಿಂದ ತಿಕ್ಕುವುದು ಅವನ ಕೆಲಸ. ಆ ಆವಿಯನ್ನು ವರ್ಷಗಟ್ಟಲೆ ಕುಡಿದು ಅವನಿಗೆ ವಾಸನೆ ಎನ್ನುವುದೇ ತಿಳಿಯದು. ಈಗೀಗ ಮೆಟ್ಟಿಲು ಹತ್ತಿದರೂ ಏದುಸಿರು.

ನಾನು ಅಳೆಯುವವಳು. ಒಂದು ಯಾಟ್ ಕಟ್ಟುವಾಗ ಎಷ್ಟು ಮರ, ಎಷ್ಟು ವಿದ್ಯುತ್ ಖರ್ಚಾಗುತ್ತದೆ, ಎಷ್ಟು ಕಸ ಹೊರಬೀಳುತ್ತದೆ, ಗಾಳಿಗೆ ಏನೇನು ಸೇರುತ್ತದೆ ಎಂದು ಲೆಕ್ಕ ಹಾಕಿ ಹೇಳಬೇಕು. ಯಾರೋ ಪುಣ್ಯಾತ್ಮ ರಜೆಯಲ್ಲಿ ಸಮುದ್ರದ ಮೇಲೆ ಕಾಲು ಚಾಚಿ ಮಲಗುವುದಕ್ಕೆ ಇಷ್ಟೆಲ್ಲ.

ಅಣ್ಣನ ಕಾರ್ಖಾನೆಯ ಅಳತೆ ನನ್ನ ಪಾಲಿಗೆ ಬಂದಾಗ ಆಸೆ ಚಿಗುರಿತು. ಶೆಡ್ಡಿನ ಗಾಳಿ ಮಿತಿಮೀರಿ ಕೆಟ್ಟಿದೆ ಎಂದು ಅಳತೆ ತೋರಿಸಿದರೆ ಆವಿ ಹೀರುವ ಯಂತ್ರ ಹಾಕಿಸುತ್ತೇನೆಂದು ಮಾಲೀಕ ಮಾತು ಕೊಟ್ಟಿದ್ದ. ನನಗೇನೂ ಅನುಮಾನವಿರಲಿಲ್ಲ. ಧೂಳು ಕೂತರೆ ಹೊಳಪು ಕೆಡುತ್ತದೆಂದು ಅಲ್ಲಿ ಬಾಗಿಲು ಕಿಟಕಿ ಮುಚ್ಚಿಕೊಂಡೇ ಕೆಲಸ. ಅಳೆಯಲು ಬರುತ್ತೇನೆಂದಷ್ಟೇ ಅಣ್ಣನಿಗೆ ಹೇಳಿದ್ದೆ; ಮಾಲೀಕ ಕೊಟ್ಟ ಮಾತನ್ನು ಯಂತ್ರ ಬಂದ ಮೇಲೆ ಹೇಳಿದರಾಯಿತೆಂದು ಬಾಯಿ ಬಿಡಲಿಲ್ಲ.

ಬೆಳಿಗ್ಗೆ ಗಾಳಿ ಅಳೆಯುವ ಉಪಕರಣವನ್ನು ಶೆಡ್ಡಿನ ಕಂಬಕ್ಕೆ ಕಟ್ಟಿ, ಕಸ ತೂಗಲು ಹಿಂದಿನ ಅಂಗಳಕ್ಕೆ ಹೋದೆ. ಹಳೆಯ ಅಚ್ಚುಗಳು, ಗಟ್ಟಿಯಾದ ರೆಸಿನ್ ಡಬ್ಬಗಳ ನಡುವೆಯೇ ಸಂಜೆಯಾಯಿತು. ವಾಪಸು ಬಂದು ಅಳತೆ ನೋಡಿದರೆ ನಂಬಲಾಗಲಿಲ್ಲ. ಶೆಡ್ಡಿನ ಗಾಳಿ ಉದ್ಯಾನದ ಗಾಳಿಯಷ್ಟು ಚೊಕ್ಕವಾಗಿತ್ತು. ಉಪಕರಣ ಕೆಟ್ಟಿರಲಿಲ್ಲ. ಮಾಲೀಕನ ಮುಖ ಅರಳಿತು.

“ನಿಮ್ಮ ಅಳತೆನೇ ಹೇಳ್ತಿದೆಯಲ್ಲ ಮೇಡಂ, ಇನ್ಯಾಕೆ ಯಂತ್ರ?” ಎಂದ. ಮತ್ತೆ ಅಳೆಯುವುದು ಮುಂದಿನ ಯಾಟ್ ಕಟ್ಟುವಾಗ. ಅದು ಯಾವ ಕಾಲಕ್ಕೋ.

ಮನೆಗೆ ಬಂದಾಗ ಅತ್ತಿಗೆ ಕೆಲಸದಿಂದ ಬಂದಿರಲಿಲ್ಲ. ಅಣ್ಣ ಸ್ಟೌ ಮೇಲೆ ಹಾಲಿಟ್ಟು, ಅದಕ್ಕೆ ಬೆನ್ನು ಹಾಕಿ ಕೂತು ನನಗಾಗಿ ಕಾಯುತ್ತಿದ್ದ. ಅವನ ಮುಖದಲ್ಲಿ ಹಬ್ಬದ ಕಳೆ.

“ಏನಮ್ಮ, ಪಾಸಾದ್ಯಾ?”

ನನಗೆ ಅರ್ಥವಾಗಲಿಲ್ಲ. ಅವನೇ ಹೇಳತೊಡಗಿದ. ನಾನು ಆಚೆ ಹೋದದ್ದೇ ತಡ, ಅವನೂ ಜೊತೆಯವರೂ ಬಾಗಿಲುಗಳನ್ನೆಲ್ಲ ತೆರೆದರಂತೆ. ಕ್ಯಾಂಟೀನಿನ ಫ್ಯಾನುಗಳನ್ನೂ ಹೊತ್ತು ತಂದು, ನಾನು ಮರಳುವ ಹೊತ್ತಿಗೆ ಎಲ್ಲ ಮೊದಲಿನಂತೆ ಮಾಡಿಟ್ಟರಂತೆ. ಧೂಳು ಕೂತದ್ದಕ್ಕೆ ಮೇಸ್ತ್ರಿ ಬೈದಾಗ, ಅದನ್ನೆಲ್ಲ ತಾನೇ ಉಜ್ಜಿ ತೆಗೆಯುತ್ತೇನೆಂದು ಅಣ್ಣ ಒಪ್ಪಿಕೊಂಡನಂತೆ.

“ನಮ್ಮ ಹುಡುಗಿ ಮೊದಲನೇ ಸಲ ಬರ್ತಿದಾಳೆ, ಅವಳಿಗೆ ಒಳ್ಳೇ ನಂಬರ್ ಬರ್ಲಿ ಅಂತ ಎಲ್ಲರಿಗೂ ಹೇಳಿದ್ದೆ,” ಎಂದು ನಕ್ಕ. ನಗುವಿನ ಜೊತೆಗೇ ಕೆಮ್ಮು ಬಂತು. ಅದು ಬೇಗ ನಿಲ್ಲಲಿಲ್ಲ.

ಕೋಪ ನೆತ್ತಿಗೇರಿತು. ನಿಜ ಹೇಳಿದರೆ, ಅಳತೆ ಕೆಡಿಸಿದನೆಂದು ಮಾಲೀಕ ಅವನನ್ನು ಮನೆಗೆ ಕಳಿಸುತ್ತಾನೆ. ಹೇಳದಿದ್ದರೆ ಯಂತ್ರ ಬರುವುದಿಲ್ಲ, ನಾಳೆಯಿಂದ ಮತ್ತೆ ಮುಚ್ಚಿದ ಬಾಗಿಲೊಳಗೇ ಕೆಲಸ. ಬಿಸಿ ತುಪ್ಪ, ನುಂಗುವಂತಿಲ್ಲ, ಉಗುಳುವಂತಿಲ್ಲ. ಅಣ್ಣ ಇನ್ನೂ ಉತ್ತರಕ್ಕೆ ಕಾಯುತ್ತಲೇ ಇದ್ದ.

“ಹೂಂ ಅಣ್ಣ, ಪಾಸಾದೆ,” ಎಂದೆ.

“ನಂಗೊತ್ತಿತ್ತು. ಕೂತ್ಕೋ, ಕಾಫಿ ಮಾಡ್ತೀನಿ. ಹಾಲು ಕಾದಿದೆಯಾ ನೋಡು.”

ಹಾಲು ಯಾವಾಗಲೋ ತಳ ಹಿಡಿದು, ಸುಟ್ಟ ವಾಸನೆ ಮನೆಯನ್ನೆಲ್ಲ ತುಂಬಿತ್ತು.